ಛದದಿಂದ ಗಣಕದವರೆಗೆ: ಹೊಸಬರಿಗೆ ಬಾಗಿಲು ಮುಚ್ಚಿದ ಎಲೆಯಾಟಗಳು

ಇಸ್ಪೀಟು ಎಂದೊಡನೆ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಪಣವಿಟ್ಟು ಆಡಿ ಮನೆ ಹಾಳುಮಾಡಿಕೊಂಡವರ ಕಥೆಗಳು ಪ್ರತಿ ಊರಿನಲ್ಲೂ ಇವೆ. ಆದರೆ ಈ ಲೇಖನ ಪಣದ ಆಟವನ್ನು ಕುರಿತದ್ದಲ್ಲ. ಹಣ ಕಟ್ಟಿ ಆಡುವ ಅಂತರಜಾಲ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಆ ವಿಷಯವನ್ನು ಅಲ್ಲಿಗೇ ಬಿಟ್ಟು, ಗಣಿತಕ್ಕೂ ಮನೋವಿಜ್ಞಾನಕ್ಕೂ ಸಂಬಂಧಿಸಿದ ಬೇರೊಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳೋಣ.

ಹರಿಹರದ ಬಳಿಯ ಸಾರಥಿ ಗ್ರಾಮದಲ್ಲಿ ಮಳೆಗಾಲದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಜಗಲಿಯ ಮೇಲೆ ಅಜ್ಜ ಮೊಮ್ಮಗನಿಗೆ 'ಕತ್ತೆ' ಆಟ ಹೇಳಿಕೊಡುತ್ತಿದ್ದಾರೆ. "ಈ ಜಾತಿ ಎಲೆ ಐತೇನೋ? ಇದ್ರೆ ಹಾಕು, ಇಲ್ಲಾಂದ್ರೆ ಬೇರೇದು ಹಾಕು." ಹತ್ತು ನಿಮಿಷದಲ್ಲಿ ಹುಡುಗ ಆಟಕ್ಕೆ ಇಳಿದಿದ್ದಾನೆ, ಅರ್ಧ ಗಂಟೆಯಲ್ಲಿ ಅಜ್ಜನನ್ನೇ ಕತ್ತೆ ಮಾಡಿ ನಗುತ್ತಿದ್ದಾನೆ. ಅದೇ ಹುಡುಗನ ಕೈಗೆ ದಾವಣಗೆರೆಯ ಕಾಲೇಜಿನಿಂದ ಬಂದ ಅಣ್ಣ ತನ್ನ ಮೊಬೈಲ್ ಕೊಡುತ್ತಾನೆ. ಅದರಲ್ಲೊಂದು ಪ್ರಸಿದ್ಧ ಎಲೆಯಾಟ. ಚಿತ್ರಗಳು ಸೊಗಸಾಗಿವೆ. ನಿಯಮಗಳನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಎದುರಾಳಿಯನ್ನೂ ಅದೇ ಹುಡುಕಿ ಕೊಡುತ್ತದೆ. ಆದರೂ ಒಂದು ಗಂಟೆಯಲ್ಲಿ ಹುಡುಗ ಬೇಸರದಿಂದ ಮೊಬೈಲ್ ಹಿಂದಿರುಗಿಸುತ್ತಾನೆ. ಅಣ್ಣನಿಗೆ ಆಶ್ಚರ್ಯ: ಇಷ್ಟು ಒಳ್ಳೆಯ ಆಟ ಇವನಿಗೇಕೆ ಹಿಡಿಸಲಿಲ್ಲ?

ಹುಡುಗ ದಡ್ಡನಲ್ಲ, ಆಟವೂ ಕೆಟ್ಟದ್ದಲ್ಲ. ಹಾಗಾದರೆ ತೊಡಕು ಎಲ್ಲಿದೆ? ಇದಕ್ಕೆ ಉತ್ತರ ಹುಡುಕಲು ನಾವು ದೂರದ ದೇಶಕ್ಕೆ ಹೋಗುವ ಮೊದಲು ಮೈಸೂರಿನ ಅರಮನೆಗೆ ಹೋಗಿಬರಬೇಕು. ಏಕೆಂದರೆ ಇದೇ ತೊಡಕು ಅಲ್ಲಿ ಒಂದೂವರೆ ಶತಮಾನಕ್ಕೂ ಹಿಂದೆ, ಗಣಕದ ಸುಳಿವೇ ಇಲ್ಲದಿದ್ದ ಕಾಲದಲ್ಲಿ, ಬಣ್ಣದ ಎಲೆಗಳ ಮೇಲೆ ಕಾಣಿಸಿಕೊಂಡಿತ್ತು.

ಗಂಜೀಫಾ ಬಂದ ದಾರಿ

ಇಂದು ನಾವು ಬಳಸುವ 52 ಎಲೆಗಳ ಕಟ್ಟು ಯುರೋಪಿನ ವರ್ತಕರ ಜೊತೆ ಬಂದದ್ದು. ಇಸ್ಪೀಟು, ಕಳಾವರ, ತುರುಫು ಎಂಬ ಪದಗಳೇ ಅದಕ್ಕೆ ಸಾಕ್ಷಿ. ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು ಗಂಜೀಫಾ. ದುಂಡಗಿನ ಎಲೆಗಳ ಈ ಆಟ ಪರ್ಷಿಯಾದ ಕಡೆಯಿಂದ ಬಂದಿತು. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಶಾ ಹುಸೇನನಿಗೆ ಗಂಜೀಫಾ ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥನದಲ್ಲಿ ದಾಖಲಾಗಿದೆ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಅಬುಲ್ ಫಜಲನು 12 ಬಣ್ಣಗಳ, 144 ಎಲೆಗಳ ಕಟ್ಟನ್ನು ವರ್ಣಿಸಿದ್ದಾನೆ. ಇಲ್ಲಿ ಬಣ್ಣವೆಂದರೆ ಇಸ್ಪೀಟಿನಲ್ಲಿ ನಾವು 'ಜಾತಿ' ಎನ್ನುವುದು. ಮುಂದೆ 8 ಬಣ್ಣಗಳ 96 ಎಲೆಗಳ ಕಟ್ಟು ಹೆಚ್ಚು ಬಳಕೆಗೆ ಬಂದಿತು. ಪ್ರತಿ ಬಣ್ಣಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು.

ಇದೇ ಆಟ ಹಿಂದೂ ಮನೆಗಳಲ್ಲಿ ದಶಾವತಾರ ಗಂಜೀಫಾ ಆಯಿತು. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣ್ಣ, ಒಟ್ಟು 120 ಎಲೆ. ಮೂವರು ಆಡಿದರೆ ಒಬ್ಬೊಬ್ಬರ ಪಾಲಿಗೆ 40 ಎಲೆ! ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಹಗಲು ಆಡಿದರೆ ರಾಮನ ರಾಜ ಇದ್ದವರು ಮೊದಲು ಇಳಿಯಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜ ಇದ್ದವರು.

ಕೇಳಲು ಇದು ಜಟಿಲವಾಗಿ ತೋರುತ್ತದೆಯಲ್ಲವೆ? ಆದರೂ ದಶಾವತಾರ ಗಂಜೀಫಾ ಬಹುಕಾಲ ಜನರ ಆಟವಾಗಿತ್ತು. ಕಾರಣವನ್ನು ಗಮನಿಸಿ. ಹತ್ತು ಅವತಾರಗಳ ಹೆಸರು, ಕ್ರಮ, ಗುರುತುಗಳನ್ನು ಆಟಗಾರ ಆಟಕ್ಕೆಂದು ಕಲಿಯಬೇಕಾಗಿರಲಿಲ್ಲ. ಮನೆಯಲ್ಲಿ, ದೇವಸ್ಥಾನದಲ್ಲಿ, ಬಯಲಾಟದಲ್ಲಿ ಅವು ಆಗಲೇ ಅವನಿಗೆ ಪರಿಚಿತವಾಗಿದ್ದವು. ಎಲೆಯ ಮೇಲಿನ ಗುರುತುಗಳನ್ನು ಎಣಿಸಬಲ್ಲವನಿಗೆ ಅಕ್ಷರ ಬಾರದಿದ್ದರೂ ಆಟ ಬರುತ್ತಿತ್ತು. ಹೊಸಬ ಕಲಿಯಬೇಕಾಗಿದ್ದುದು ಆಟದ ನಡೆಯನ್ನು ಮಾತ್ರ.

ಅರಮನೆಯ ಛದಗಳು

ಈಗ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಜನಿಸಿ, 1799ರಲ್ಲಿ ಐದು ವರ್ಷದ ಬಾಲಕನಾಗಿದ್ದಾಗಲೇ ಸಿಂಹಾಸನ ಏರಿದವರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಒಡೆಯರಿಗೆ ಅರಸುತನವಿತ್ತು, ಅಧಿಕಾರವಿರಲಿಲ್ಲ. ಆ ದೀರ್ಘ ಕಾಲದಲ್ಲಿ ಅವರ ಬುದ್ಧಿ ಸಾಹಿತ್ಯ, ಚಿತ್ರಕಲೆ, ಚದುರಂಗ ಮತ್ತು ಎಲೆಯಾಟಗಳ ಕಡೆಗೆ ಹರಿಯಿತು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರಲ್ಲಿ ಅವರೂ ಒಬ್ಬರು.

ಅವರು ರೂಪಿಸಿದ ಎಲೆಯಾಟಗಳಿಗೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ನಾವು ಇಂದಿಗೂ ಇಸ್ಪೀಟಿನ 'ಎಲೆ' ಎನ್ನುತ್ತೇವೆ. ಅವರ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಈ ಛದಗಳ ವಿವರಣೆ ಬರುತ್ತದೆ. 122 ಯೋಗಾಸನಗಳ ಚಿತ್ರಗಳಿಂದಾಗಿ ಹೊರದೇಶಗಳಲ್ಲೂ ಹೆಸರಾದ ಭಾಗ ಇದೇ.

ಛದಗಳ ಪ್ರಮಾಣವನ್ನು ನೋಡಿ. ಸಾಮಾನ್ಯವಾಗಿ ಒಂದು ಬಣ್ಣದಲ್ಲಿ 12 ಅಂಕಿಯ ಎಲೆಗಳು ಮತ್ತು ರಾಜ, ಮಂತ್ರಿ ಮುಂತಾದ 6 ಆಕೃತಿಯ ಎಲೆಗಳು, ಒಟ್ಟು 18. ಚಾಮುಂಡೇಶ್ವರಿ ಛದದಲ್ಲಿ 16 ಬಣ್ಣ, 320 ಎಲೆ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ಸದಾಕಾಲ ತುರುಫಾಗಿಯೇ ಇರುವ ಬಣ್ಣಗಳೂ, ಜೋಕರ್‌ನಂತೆ ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಎಲೆಗಳೂ ಇದ್ದವು. 360 ಎಲೆಗಳನ್ನು ಆರು ಮಂದಿಗೆ ಹಂಚಿದರೂ ಒಬ್ಬೊಬ್ಬರ ಕೈಗೆ 60 ಬರುತ್ತವೆ. ಇಸ್ಪೀಟಿನ ಇಡೀ ಕಟ್ಟಿಗಿಂತ ಹೆಚ್ಚು!

ಛದಗಳು ಕಲಾಕೃತಿಗಳಾಗಿ ಅದ್ಭುತ. ಆಟವಾಗಿ? ಅರಮನೆಯ ಆವರಣ ದಾಟಿ ಅವು ಜನಬಳಕೆಗೆ ಬರಲಿಲ್ಲ. ಇದಕ್ಕೆ ಒಂದೇ ಕಾರಣವಲ್ಲ. ಕೈಯಲ್ಲಿ ಬರೆದ ಎಲೆಗಳು ದುಬಾರಿ. ಯಂತ್ರದಲ್ಲಿ ಅಚ್ಚಾದ 52 ಎಲೆಗಳ ಕಟ್ಟು ಅಗ್ಗ. ಆದರೆ ಅಗ್ಗವಾಗಿ ಅಚ್ಚು ಮಾಡಿ ಹಂಚಿದ್ದರೂ ಸಾರಥಿಯ ಜಗಲಿಯ ಮೇಲೆ 360 ಎಲೆಗಳ ಆಟ ಹತ್ತು ನಿಮಿಷದಲ್ಲಿ ಕಲಿಯುವಂಥದಾಗುತ್ತಿರಲಿಲ್ಲ.

ಅರಮನೆಯಲ್ಲಿ ಆಟ ಹೇಗೆ ಬೆಳೆದಿರಬಹುದು ಎಂಬುದನ್ನು ಊಹಿಸಬಹುದು. ಹತ್ತು ಬಣ್ಣದ ಆಟ ಕರಗತವಾದವರಿಗೆ ಅದು ಸಪ್ಪೆ ಎನಿಸುತ್ತದೆ. ಹನ್ನೆರಡು ಬಣ್ಣ ಬರುತ್ತದೆ. ಹತ್ತು ಬಲ್ಲವರಿಗೆ ಹೊಸದಾಗಿ ಕಲಿಯಬೇಕಾದದ್ದು ಎರಡೇ. ಆಮೇಲೆ ಹದಿನಾರು, ಅವರು ಕಲಿಯಬೇಕಾದದ್ದು ಇನ್ನು ನಾಲ್ಕು. ಪ್ರತಿ ಹೆಜ್ಜೆಯೂ ಒಳಗಿದ್ದವರಿಗೆ ಸಣ್ಣದು. ಹೊರಗಿನಿಂದ ಬಂದವನಿಗೆ ಮಾತ್ರ ಎಲ್ಲ ಮೆಟ್ಟಿಲುಗಳೂ ಸೇರಿ ಒಂದೇ ಗೋಡೆಯಾಗಿ ಕಾಣುತ್ತವೆ. ಈ ಲೇಖನ ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ: ಆಟವೊಂದು ಆಗಲೇ ಬಲ್ಲವರ ರುಚಿಗೆ ತಕ್ಕಂತೆ ಬೆಳೆಯುತ್ತಾ ಹೋದರೆ, ಯಾರೂ ಉದ್ದೇಶಪಟ್ಟು ಮುಚ್ಚದಿದ್ದರೂ ಹೊಸಬರ ಬಾಗಿಲು ಮುಚ್ಚಿಕೊಳ್ಳುತ್ತದೆ.

ನೆನಪಿನ ಜೋಳಿಗೆ ಎಷ್ಟು ದೊಡ್ಡದು?

ಒಳಗಿನವರಿಗೆ ಗೋಡೆ ಏಕೆ ಕಾಣುವುದಿಲ್ಲ? ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಪ್ರಕಾರ ಮನಸ್ಸು ತತ್ಕ್ಷಣಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಅಂಶಗಳು ಸುಮಾರು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ. ನೆಲ್ಸನ್ ಕೋವನ್ 2001ರಲ್ಲಿ ಈ ಮಿತಿಯನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಆದರೆ 'ಅಂಶ' ಎಂದರೇನು ಎಂಬುದು ಅನುಭವವನ್ನು ಅವಲಂಬಿಸಿದೆ.

ಇದಕ್ಕೆ ಹರಿಹರದಲ್ಲೇ ಒಂದು ಉದಾಹರಣೆ ಇದೆ. 1224ರಲ್ಲಿ ಹೊಯ್ಸಳರ ಪೊಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಇದನ್ನೇ ಕಾಣದವನೊಬ್ಬ ನೋಡಿದರೆ ಒಂದೊಂದು ಕೈಯನ್ನೂ, ಒಂದೊಂದು ಆಯುಧವನ್ನೂ, ಎರಡು ಬಗೆಯ ಕಿರೀಟವನ್ನೂ ಬೇರೆ ಬೇರೆಯಾಗಿ ನೆನಪಿಡಬೇಕು. ಊರಿನವರಿಗೆ ಅದೆಲ್ಲ ಸೇರಿ ಒಂದೇ ಅಂಶ: ಹರಿಹರ. ಹೀಗೆ ಹಲವು ವಿವರಗಳನ್ನು ಒಂದು ಗಂಟಾಗಿ ಕಟ್ಟುವ ಶಕ್ತಿ ಅಭ್ಯಾಸದಿಂದ ಬರುತ್ತದೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ಆಟಗಾರರ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ನಿಜವಾದ ಆಟದಿಂದ ತೆಗೆದ ಹಲಗೆಯನ್ನು ಕೆಲವೇ ಸೆಕೆಂಡು ನೋಡಿದ ನಿಪುಣರು ಕಾಯಿಗಳ ಸ್ಥಾನವನ್ನು ಹೊಸಬರಿಗಿಂತ ಬಹಳ ಚೆನ್ನಾಗಿ ನೆನಪಿಟ್ಟುಕೊಂಡರು. ಕಾಯಿಗಳನ್ನು ಮನಬಂದಂತೆ ಇಟ್ಟಾಗ ಆ ಹೆಚ್ಚುಗಾರಿಕೆ ಬಹುಮಟ್ಟಿಗೆ ಇಲ್ಲವಾಯಿತು. ಅಂದರೆ ನಿಪುಣನ ಜೋಳಿಗೆ ದೊಡ್ಡದಲ್ಲ, ಅವನ ಗಂಟುಗಳು ದೊಡ್ಡವು. ಹೀಗಾಗಿಯೇ ನಿಪುಣನಿಗೆ ಹೊಸಬನ ಕಷ್ಟ ಅರ್ಥವಾಗುವುದಿಲ್ಲ. ಅಧ್ಯಾಪಕರಾದ ನಮಗೆ ಇದು ಅಪರಿಚಿತವಾದ ಅನುಭವವೇನಲ್ಲ.

ಗಣಕಕ್ಕೆ ಬಂದ ಮೊದಲ ಎಲೆಗಳು

ಗಣಕದಲ್ಲಿ ಎಲೆಯಾಟವನ್ನು ಮನೆಮಾತು ಮಾಡಿದ್ದು 1990ರ ವಿಂಡೋಸ್ 3.0 ತಂತ್ರಾಂಶದೊಂದಿಗೆ ಬಂದ ಸಾಲಿಟೇರ್. ವೆಸ್ ಚೆರ್ರಿ ಬರೆದ ಈ ಆಟಕ್ಕೆ ಎಲೆಗಳ ವಿನ್ಯಾಸ ಮಾಡಿದವರು ಸೂಸನ್ ಕೇರ್. ಮೌಸ್ ಎಂಬ ಹೊಸ ಉಪಕರಣದಿಂದ ವಸ್ತುವನ್ನು ಹಿಡಿದು, ಎಳೆದು, ಬಿಡುವುದನ್ನು ಜನ ಆಡುತ್ತಲೇ ಕಲಿತರು. ಶಾಲೆಯ ಗಣಕ ಕೊಠಡಿಯಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಮೌಸ್ ಹಿಡಿಯಲು ಕಲಿತದ್ದು ಇದರಿಂದಲೇ ಇರಬಹುದು.

ಸಾಲಿಟೇರ್ ಹೊಸಬರಿಗೆ ಏಕೆ ಸುಲಭವಾಯಿತು? ಎಲೆಗಳು ಹಳೆಯವು, ಕ್ರಮ ಹಳೆಯದು. ಮೌಸ್ ಒಂದೇ ಹೊಸದು. ಗೊತ್ತಿರುವ ಹತ್ತರ ಜೊತೆ ಗೊತ್ತಿಲ್ಲದ ಒಂದು. ದಶಾವತಾರ ಗಂಜೀಫಾದ ಗುಟ್ಟೂ ಇದೇ ಆಗಿತ್ತು.

ಎಲೆ ಕೂಡುತ್ತದೆ, ಸಂಬಂಧ ಗುಣಿಸುತ್ತದೆ

1993ರ ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಹೊಸ ಬಗೆಯ ಎಲೆಯಾಟ ಹೊರಬಂದಿತು. ಇದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಸಂಯೋಜನಾ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಇಲ್ಲಿ ಎಲ್ಲರಿಗೂ ಒಂದೇ ಕಟ್ಟು ಎಂಬುದಿಲ್ಲ. ಆಟಗಾರ ಎಲೆಗಳ ಪೊಟ್ಟಣಗಳನ್ನು ಕೊಂಡು, ಅವುಗಳಿಂದ ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳಬೇಕು. ಪ್ರತಿ ಎಲೆಯ ಮೇಲೂ ಅದರದೇ ನಿಯಮ ಬರೆದಿರುತ್ತದೆ. ಇಂದಿನ ಗಣಕ ಎಲೆಯಾಟಗಳಲ್ಲಿ ಹೆಚ್ಚಿನವು ಇದರ ಸಂತತಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಎಲೆಗಳ ಸಂಖ್ಯೆ 'ನ' ಆದರೆ, ಅವುಗಳಿಂದ ಆಗುವ ಜೋಡಿಗಳ ಸಂಖ್ಯೆ ನ × (ನ – 1) ÷ 2. ಇಸ್ಪೀಟಿನ 52 ಎಲೆಗಳಿಗೆ 1326 ಜೋಡಿಗಳು. ಆದರೆ ಒಂದೇ ಜಾತಿಯಲ್ಲಿ ದೊಡ್ಡದು ಚಿಕ್ಕದನ್ನು ಗೆಲ್ಲುತ್ತದೆ, ತುರುಫು ಎಲ್ಲವನ್ನೂ ಗೆಲ್ಲುತ್ತದೆ ಎಂಬ ಎರಡು ನಿಯಮಗಳು ಅಷ್ಟೂ ಜೋಡಿಗಳಿಗೆ ಸಾಲುತ್ತವೆ. ಮ್ಯಾಜಿಕ್‌ನಲ್ಲಿ ಹಾಗಲ್ಲ. ಪ್ರತಿ ಎಲೆಗೂ ಸ್ವಂತ ನಿಯಮ ಇರುವುದರಿಂದ ಯಾವ ಎರಡು ಎಲೆಗಳು ಕೂಡಿದಾಗ ಏನಾದೀತು ಎಂಬುದು ಬೇರೆ ಬೇರೆ ಪ್ರಶ್ನೆ. ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳಿದ್ದವು: 43,365 ಜೋಡಿಗಳು. ಈಗ 25,000ಕ್ಕೂ ಹೆಚ್ಚು ಬಗೆಗಳಿವೆ. 25,000 ಎಂದೇ ಹಿಡಿದರೂ ಜೋಡಿಗಳು 31,24,87,500. ಎಲೆಗಳು ಸುಮಾರು 85 ಪಟ್ಟು ಬೆಳೆದರೆ ಜೋಡಿಗಳು 7,200 ಪಟ್ಟು ಬೆಳೆದಿವೆ!

ಇವುಗಳಲ್ಲಿ ಹೆಚ್ಚಿನ ಜೋಡಿಗಳಿಗೆ ಮಹತ್ವವಿಲ್ಲ ಎಂಬುದು ನಿಜ. ಆದರೆ ಯಾವುದಕ್ಕೆ ಮಹತ್ವವಿಲ್ಲ ಎಂದು ತಿಳಿದಿರುವುದು ಹಳಬರಿಗೆ ಮಾತ್ರ. ಈ ಜಟಿಲತೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 2019ರಲ್ಲಿ ಒಂದು ಉತ್ತರ ಬಂದಿತು. ಮ್ಯಾಜಿಕ್ ಎಲೆಗಳನ್ನೇ ಬಳಸಿ ಟ್ಯೂರಿಂಗ್ ಯಂತ್ರವೊಂದನ್ನು ಕಟ್ಟಬಹುದೆಂದು ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್ ಮತ್ತು ಆಸ್ಟಿನ್ ಹೆರಿಕ್ ತೋರಿಸಿದರು. ಅಂದರೆ ಕೆಲವು ಸನ್ನಿವೇಶಗಳಲ್ಲಿ ಯಾರು ಗೆಲ್ಲುತ್ತಾರೆಂಬುದನ್ನು ಯಾವ ಗಣಕವೂ ಮುಂಚಿತವಾಗಿ ನಿರ್ಧರಿಸಲಾರದು.

ಯಂತ್ರ ಕೊಟ್ಟದ್ದು, ಯಂತ್ರ ಕಸಿದದ್ದು

2014ರಲ್ಲಿ ಬ್ಲಿಝಾರ್ಡ್ ಸಂಸ್ಥೆಯ 'ಹಾರ್ತ್‌ಸ್ಟೋನ್' ಬಂದಿತು. ಇದು ಮ್ಯಾಜಿಕ್‌ನ ಮಾದರಿಯನ್ನು ಗಣಕಕ್ಕೆಂದೇ ಸರಳಗೊಳಿಸಿದ ಆಟ. ಕಟ್ಟಿಗೆ 30 ಎಲೆ. ಎಲೆ ಇಳಿಸಲು ಬೇಕಾದ ಶಕ್ತಿ ಪ್ರತಿ ಸುತ್ತಿಗೆ ಒಂದರಂತೆ ತಾನಾಗಿಯೇ ಹತ್ತರವರೆಗೆ ಏರುತ್ತದೆ. ಎದುರಾಳಿಯ ಸರದಿಯಲ್ಲಿ ನೀವು ಸುಮ್ಮನೆ ನೋಡಿದರೆ ಸಾಕು. ಲಕ್ಷಾಂತರ ಹೊಸಬರು ಬಂದರು. ಆದರೆ ಆಟ ನಡೆಯುತ್ತಿರಬೇಕಾದರೆ ಹಳಬರಿಗೆ ಹೊಸ ಎಲೆಗಳು ಬೇಕು. 2017ರಿಂದ ವರ್ಷಕ್ಕೆ ಮೂರು ಬಾರಿ, ಪ್ರತಿ ಬಾರಿ ನೂರಕ್ಕೂ ಹೆಚ್ಚು ಎಲೆಗಳು ಸೇರುತ್ತಾ ಹೋದವು. ಮೈಸೂರಿನ ಹತ್ತು, ಹನ್ನೆರಡು, ಹದಿನಾರು ಬಣ್ಣಗಳ ಕಥೆ ಇಲ್ಲಿ ಮರುಕಳಿಸಿತು.

ಲೆಕ್ಕವನ್ನೆಲ್ಲ ಯಂತ್ರವೇ ಮಾಡುವಾಗ ಆಟ ಸುಲಭವಾಗಬೇಕಿತ್ತಲ್ಲವೆ? ಇಲ್ಲಿಯೇ ವಿಪರ್ಯಾಸವಿದೆ. ಜಗಲಿಯ ಆಟದಲ್ಲಿ ನಿಯಮ ಜಟಿಲವಾದರೆ ಆಡುವವರೇ ತಪ್ಪುತ್ತಾರೆ, ಜಗಳವಾಗುತ್ತದೆ, ಆ ನಿಯಮ ಬಿದ್ದುಹೋಗುತ್ತದೆ. ಮನುಷ್ಯನ ನೆನಪೇ ಆಟಕ್ಕೆ ಕಡಿವಾಣ. ಯಂತ್ರಕ್ಕೆ ಅಂಥ ಕಡಿವಾಣವಿಲ್ಲ. ನೂರಾರು ಎಲೆಗಳ ಪಟ್ಟಿಯಿಂದ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಕಣಕ್ಕಿಳಿಸುವಂಥ ನಿಯಮವನ್ನು ಅದು ಕ್ಷಣದಲ್ಲಿ ನಡೆಸಿಬಿಡುತ್ತದೆ. ಏನು ನಡೆಯಿತು ಎಂಬುದು ಹೊಸಬನಿಗೆ ತಿಳಿಯುವ ಮೊದಲೇ ಮುಂದಿನ ಸರದಿ ಬಂದಿರುತ್ತದೆ. ನಿಯಮವನ್ನು ಪಾಲಿಸುವ ಹೊರೆ ಇಳಿಯಿತು. ಅರ್ಥಮಾಡಿಕೊಳ್ಳುವ ಹೊರೆ ಏರಿತು.

ಇನ್ನೊಂದು ನಷ್ಟ ಅಜ್ಜನದು. ಜಗಲಿಯ ಮೇಲೆ ಕಲಿಸುವವರು ಹೊಸಬನ ಮುಖ ನೋಡಿ ಆಟವನ್ನು ನಿಧಾನಗೊಳಿಸುತ್ತಾರೆ, ಎಲೆ ತೋರಿಸಿ ಹೇಳುತ್ತಾರೆ, ಒಮ್ಮೊಮ್ಮೆ ಬೇಕೆಂದೇ ಸೋಲುತ್ತಾರೆ. ಅಂತರಜಾಲದ ಆಚೆ ಬದಿಯ ಎದುರಾಳಿಗೆ ಹೊಸಬನ ಮುಖವೇ ಕಾಣದು.

ಮೂರನೆಯದು ಭಾಷೆ. ಗಂಜೀಫಾ ಆಡಲೂ ಇಸ್ಪೀಟು ಆಡಲೂ ಓದುಬರಹ ಬೇಡ. ಈ ಹೊಸ ಎಲೆಗಳು ಓದಿ ಆಡಬೇಕಾದವು. ಹಾರ್ತ್‌ಸ್ಟೋನ್ ಆಗಲಿ ಮ್ಯಾಜಿಕ್ ಆಗಲಿ ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನಲ್ಲೂ ಅಲ್ಲಿರುವುದು ದಿನಬಳಕೆಯ ಭಾಷೆಯಲ್ಲ. ಒಂದು ಸಾಮಾನ್ಯ ಪದಕ್ಕೆ ಆಟದೊಳಗೆ ಮಾತ್ರ ಸಲ್ಲುವ ಪಾರಿಭಾಷಿಕ ಅರ್ಥವಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಎರಡು ಭಾಷೆಗಳನ್ನು ದಾಟಿ ಆಟಕ್ಕೆ ಬರಬೇಕು, ಅದೂ ಸರದಿಯ ಗಡಿಯಾರ ಓಡುತ್ತಿರುವಾಗ.

ಚೀಟಿ ಸಂಗ್ರಹದ ಗಣಿತ

ಆಟ ಅರ್ಥವಾಯಿತೆನ್ನಿ. ಎಲೆಗಳು ಎಲ್ಲಿಂದ ಬರಬೇಕು? ಪೊಟ್ಟಣ ಒಡೆದಾಗ ಯಾವ ಎಲೆ ಸಿಗುತ್ತದೆಂಬುದು ಅದೃಷ್ಟ. ಇದನ್ನು ಸಂಭವನೀಯತೆಯ ಒಂದು ಹಳೆಯ ಸಮಸ್ಯೆಯಿಂದ ತಿಳಿಯಬಹುದು. 52 ಬಗೆಯ ಎಲೆಗಳಿವೆ, ಪ್ರತಿಯೊಂದೂ ಸಿಗುವ ಸಾಧ್ಯತೆ ಸಮಾನ ಎಂದುಕೊಳ್ಳೋಣ. ಒಂದೊಂದಾಗಿ ಎಲೆ ಕೊಳ್ಳುತ್ತಾ ಹೋದರೆ 52 ಬಗೆಗಳೂ ಕೈಸೇರಲು ಸರಾಸರಿ ಎಷ್ಟು ಕೊಳ್ಳಬೇಕು? ಉತ್ತರ, 52 × (1 + 1/2 + 1/3 + … + 1/52), ಅಂದರೆ ಸುಮಾರು 236. ಮೊದಲರ್ಧ 26 ಬಗೆಗಳು ಸುಮಾರು 36 ಎಲೆಗಳಲ್ಲೇ ಸಿಗುತ್ತವೆ. ಉಳಿದರ್ಧಕ್ಕೆ ಇನ್ನು 200 ಬೇಕು. ಕಟ್ಟಕಡೆಯ ಒಂದೇ ಎಲೆಗೆ ಸರಾಸರಿ 52!

ನಿಜವಾದ ಆಟಗಳಲ್ಲಿ ಕೆಲವು ಎಲೆಗಳು ಬೇಕೆಂದೇ ವಿರಳವಾಗಿರುವುದರಿಂದ ಸಂಗ್ರಹ ಇನ್ನೂ ನಿಧಾನ. ಹೆಚ್ಚಾದ ಎಲೆಗಳನ್ನು ಕೊಟ್ಟು ಬೇಕಾದ್ದನ್ನು ಪಡೆಯುವ ಸೌಲಭ್ಯ ಹಲವು ಆಟಗಳಲ್ಲಿದೆ. ಅದು ಈ ಹೊರೆಯನ್ನು ಸ್ವಲ್ಪ ತಗ್ಗಿಸುತ್ತದೆ. ಹಳಬರು ಮಾತ್ರ ವರ್ಷಗಳಿಂದ ಕೂಡಿಟ್ಟವರು. ಇಸ್ಪೀಟಿನಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಕಟ್ಟಿನಿಂದ ಆಡುತ್ತಾರೆ. ಇಲ್ಲಿ ಹೊಸಬ ಬರಿಗೈಯಲ್ಲಿ ಬರುತ್ತಾನೆ.

ಸೋಲಿನ ಸುಳಿ

ಹೊಸಬರನ್ನು ಹೊಸಬರ ಜೊತೆಗೇ ಆಡಿಸಿದರಾಗದೆ? ಆಗುತ್ತದೆ, ಸಾಕಷ್ಟು ಹೊಸಬರು ಇರುವವರೆಗೆ. ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಪದ್ಧತಿಯನ್ನು ರೂಪಿಸಿದವರು ಹಂಗೇರಿ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕ ಆರ್ಪಾಡ್ ಈಲೊ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ 1970ರಲ್ಲಿ ಅದನ್ನು ಅಂಗೀಕರಿಸಿತು. ಗಣಕ ಆಟಗಳಲ್ಲೂ ಇಂಥವೇ ಪದ್ಧತಿಗಳು ಬಳಕೆಯಲ್ಲಿವೆ. ಈಲೊ ಸೂತ್ರದ ಪ್ರಕಾರ ಇಬ್ಬರ ನಡುವೆ 400 ಅಂಶಗಳ ಅಂತರವಿದ್ದರೆ ದುರ್ಬಲನು ಗೆಲ್ಲುವ ಸಂಭವನೀಯತೆ 1/11, ಅಂದರೆ ಶೇ. 9. ಡ್ರಾ ಇಲ್ಲದ ಆಟದಲ್ಲಿ ಅಂಥ ಎದುರಾಳಿಗಳೊಡನೆ ಅವನು ಮೊದಲ ಐದೂ ಆಟಗಳನ್ನು ಸೋಲುವ ಸಂಭವನೀಯತೆ (10/11)ರ ಐದನೇ ಘಾತ, ಶೇ. 62. ಸಮಬಲರಾದರೆ ಅದು 1/32, ಶೇ. 3 ಮಾತ್ರ.

ಈಗ ಸುಳಿ ಹೇಗೆ ಏಳುತ್ತದೆ ನೋಡಿ. ಹೊಸಬರು ಕಡಿಮೆಯಾದರೆ ಬಂದ ಒಬ್ಬ ಹೊಸಬನಿಗೆ ಹಳಬರೇ ಎದುರಾಳಿಗಳು. ಅವನು ಸತತವಾಗಿ ಸೋತು ಹೊರಡುತ್ತಾನೆ. ಹೊಸಬರು ಇನ್ನೂ ಕಡಿಮೆಯಾಗುತ್ತಾರೆ. ಪರಿಣಾಮವೇ ಕಾರಣವನ್ನು ಬಲಪಡಿಸುವ ಚಕ್ರ ಇದು.

ಇಂಥ ಕುಸಿತಕ್ಕೆ ಗಾರ್ಫೀಲ್ಡ್ ಅವರದೇ ಇನ್ನೊಂದು ಆಟವನ್ನು ಉದಾಹರಿಸಬಹುದು. ಅವರು ವಾಲ್ವ್ ಸಂಸ್ಥೆಗಾಗಿ ವಿನ್ಯಾಸ ಮಾಡಿದ 'ಆರ್ಟಿಫ್ಯಾಕ್ಟ್' 2018ರ ನವೆಂಬರ್ 28ರಂದು ಹೊರಬಂದಿತು. ಒಂದೇ ಆಟದಲ್ಲಿ ಮೂರು ಕಣಗಳು. ಮೂರನ್ನೂ ಒಟ್ಟಿಗೆ ಗಮನಿಸಬೇಕು. ಆಟ ಕೊಳ್ಳಲು 20 ಡಾಲರ್, ಎಲೆಗಳಿಗೆ ಮತ್ತೆ ಹಣ. ನುರಿತ ಆಟಗಾರರಲ್ಲಿ ಹಲವರು ಅದರ ಆಳವನ್ನು ಮೆಚ್ಚಿದರು. ಆರಂಭದಲ್ಲಿ ಏಕಕಾಲಕ್ಕೆ ಸುಮಾರು 60,000 ಮಂದಿ ಆಡುತ್ತಿದ್ದವರು ಕೆಲವೇ ತಿಂಗಳುಗಳಲ್ಲಿ ಸಾವಿರಕ್ಕಿಂತ ಕಡಿಮೆಯಾದರು. 2021ರ ಮಾರ್ಚ್‌ನಲ್ಲಿ ಸಂಸ್ಥೆ ಅದರ ಅಭಿವೃದ್ಧಿಯನ್ನು ಕೈಬಿಟ್ಟು ಆಟವನ್ನು ಉಚಿತವಾಗಿ ಬಿಟ್ಟಿತು. ಬೆಲೆ ಹೋಯಿತು, ಆಡುವವರು ಮರಳಲಿಲ್ಲ.

ಬಾಗಿಲು ಮತ್ತೆ ತೆರೆದವರು

ಮ್ಯಾಜಿಕ್ ಮೂರು ದಶಕ ದಾಟಿ ಉಳಿದಿದೆ. ಅದು ಕಂಡುಕೊಂಡ ಮೊದಲ ಉಪಾಯ ಮರೆವು! 1995ರಿಂದ ಸ್ಪರ್ಧೆಗಳಲ್ಲಿ ಇತ್ತೀಚಿನ ಎಲೆಗಳನ್ನು ಮಾತ್ರ ಬಳಸುವ ಒಂದು ವಿಭಾಗ ಆರಂಭವಾಯಿತು. ಹಳೆಯ ಎಲೆಗಳು ಕಾಲಕಾಲಕ್ಕೆ ಅದರಿಂದ ಹೊರಬೀಳುತ್ತವೆ. ಹಾರ್ತ್‌ಸ್ಟೋನ್ ಕೂಡ 2016ರಲ್ಲಿ ಇದೇ ದಾರಿ ಹಿಡಿಯಿತು. 2018ರಲ್ಲಿ ಹೊಸಬರಿಗೆಂದೇ ಪ್ರತ್ಯೇಕ ಶ್ರೇಣಿಗಳನ್ನು ಸೇರಿಸಿತು. 2021ರಲ್ಲಿ ಎಲ್ಲರಿಗೂ ಉಚಿತವಾಗಿ ಒಂದು ಮೂಲ ಸಂಗ್ರಹವನ್ನು ಕೊಟ್ಟಿತು.

ಎರಡನೆಯ ಉಪಾಯ ಕಷ್ಟವನ್ನು ಎಲ್ಲಿಡಬೇಕೆಂದು ಯೋಚಿಸುವುದು. 2006ರಲ್ಲಿ ಬಂದ 'ಟೈಮ್ ಸ್ಪೈರಲ್' ಎಂಬ ಮ್ಯಾಜಿಕ್ ಸಂಗ್ರಹ ಹಳೆಯ ಎಲೆಗಳ ಸ್ಮರಣೆಗಳಿಂದ ತುಂಬಿತ್ತು. ಹಳಬರು ಸಂತೋಷಪಟ್ಟರು, ಹೊಸಬರಿಗೆ ತಲೆಬುಡ ತಿಳಿಯಲಿಲ್ಲ. ಆಟದ ಮುಖ್ಯ ವಿನ್ಯಾಸಕ ಮಾರ್ಕ್ ರೋಸ್‌ವಾಟರ್ 2011ರಲ್ಲಿ ಬರೆದ ಲೇಖನದಲ್ಲಿ ಈ ಅನುಭವದಿಂದ ಕಲಿತದ್ದನ್ನು ವಿವರಿಸಿದರು. ಅವರು ಜಟಿಲತೆಯನ್ನು ಮೂರಾಗಿ ವಿಂಗಡಿಸುತ್ತಾರೆ: ಎಲೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಕಷ್ಟ, ಕಣದಲ್ಲಿರುವ ಎಲೆಗಳ ಪರಸ್ಪರ ಸಂಬಂಧವನ್ನು ಗಮನಿಸುವ ಕಷ್ಟ, ಎಲೆಯನ್ನು ಜಾಣತನದಿಂದ ಬಳಸುವ ಕಷ್ಟ. ಮೂರನೆಯದು ಹೊಸಬನನ್ನು ಬಾಧಿಸುವುದಿಲ್ಲ, ಏಕೆಂದರೆ ಅದು ಅವನಿಗೆ ಕಾಣುವುದೇ ಇಲ್ಲ. ಮೊದಲೆರಡನ್ನು ಹೊಸಬನ ಕೈಗೆ ಹೆಚ್ಚಾಗಿ ಬರುವ ಸಾಮಾನ್ಯ ಎಲೆಗಳಿಂದ ದೂರವಿಡಬೇಕು ಎಂಬುದು ಅವರ ಸೂತ್ರ.

ಮೂರನೆಯ ಉಪಾಯ ಚಿಕ್ಕದಾಗಿಸುವುದು. ಹಾರ್ತ್‌ಸ್ಟೋನ್‌ನಲ್ಲಿ ಕೆಲಸ ಮಾಡಿ ಹೊರಬಂದ ಬೆನ್ ಬ್ರೋಡ್ ಮತ್ತು ಸಂಗಡಿಗರು 2022ರಲ್ಲಿ ತಂದ 'ಮಾರ್ವೆಲ್ ಸ್ನ್ಯಾಪ್'ನಲ್ಲಿ ಕಟ್ಟಿಗೆ 12 ಎಲೆ, ಆಟಕ್ಕೆ ಸಾಮಾನ್ಯವಾಗಿ ಆರು ಸುತ್ತು, ಕೆಲವೇ ನಿಮಿಷ. ಸೋತರೂ ಬೇಗ ಸೋಲುತ್ತೀರಿ! ಅದಕ್ಕೂ ಎಲೆಗಳು ಸೇರುತ್ತಲೇ ಇವೆ. ಬಾಗಿಲನ್ನು ಒಮ್ಮೆ ತೆರೆದರೆ ಸಾಲದು, ಮತ್ತೆ ಮತ್ತೆ ತೆರೆಯುತ್ತಿರಬೇಕು.

ನಮ್ಮ ತರಗತಿಗೆ

ಇದನ್ನು ವಿದ್ಯಾರ್ಥಿಗಳೊಡನೆ ಪರೀಕ್ಷಿಸಿ ನೋಡಿ. ಹತ್ತು ಚೀಟಿಗಳಲ್ಲಿ 1ರಿಂದ 10ರವರೆಗೆ ಬರೆದು ಡಬ್ಬಿಗೆ ಹಾಕಿ. ಒಂದನ್ನು ಎತ್ತಿ, ಗುರುತು ಹಾಕಿಕೊಂಡು, ಮತ್ತೆ ಒಳಗೆ ಹಾಕಬೇಕು. ಹತ್ತೂ ಅಂಕಿಗಳು ಬರಲು ಎಷ್ಟು ಸಲ ಎತ್ತಬೇಕಾಯಿತು? ಇಡೀ ತರಗತಿಯ ಸರಾಸರಿ 29ರ ಆಸುಪಾಸಿಗೆ ಬರುವುದನ್ನು ಕಾಣುವಿರಿ. ಆಮೇಲೆ ಮಕ್ಕಳೇ ಹತ್ತು ಎಲೆಗಳ ಒಂದು ಆಟ ಕಟ್ಟಲಿ, ವಾರಕ್ಕೆ ಎರಡು ಎಲೆ ಸೇರಿಸಲಿ. ಐದನೆಯ ವಾರ ಪಕ್ಕದ ತರಗತಿಯ ಒಬ್ಬರನ್ನು ಆಟಕ್ಕೆ ಕರೆಯಿರಿ. ಕಟ್ಟಿದವರಿಗೆ ಸುಲಭವೆನಿಸಿದ ಆಟದಲ್ಲಿ ಬಂದವರು ಎಲ್ಲಿ ಎಡವುತ್ತಾರೆಂಬುದನ್ನು ಗಮನಿಸಿ ಬರೆದಿಡಲಿ.

ನಮ್ಮ ಪಠ್ಯಪುಸ್ತಕಗಳೂ ಹೀಗೆಯೇ ಬೆಳೆದಿಲ್ಲವೆ ಎಂಬ ಪ್ರಶ್ನೆ ಆಗ ಸಹಜವಾಗಿ ಏಳುತ್ತದೆ. ವಿಷಯವನ್ನು ಬಲ್ಲವರು ಪ್ರತಿ ಪರಿಷ್ಕರಣೆಯಲ್ಲೂ ಎರಡು ಪಾಠ, ನಾಲ್ಕು ಪದ ಸೇರಿಸುತ್ತೇವೆ. ಒಂಬತ್ತನೇ ತರಗತಿಗೆ ಹೊಸದಾಗಿ ಬಂದ ಮಗುವಿಗೆ ಅದೆಲ್ಲ ಒಟ್ಟಿಗೆ ಸಿಗುತ್ತದೆ. ಹೊಸಬರಿಲ್ಲದ ಆಟ ಸಾಯುತ್ತದೆ. ಹೊಸಬರಿಲ್ಲದ ವಿಜ್ಞಾನವೂ ಅಷ್ಟೇ.

ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಕದ ಮನ್ನಣೆ ಇದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ಶ್ರಮದಿಂದ ಆ ಕಲೆ ಮತ್ತೆ ಬೆಳಕಿಗೆ ಬಂದಿದೆ. ಎಲೆಗಳ ಮೇಲಿನ ಬಣ್ಣ ಮಾಸಿಲ್ಲ. ಮುಮ್ಮಡಿಯವರ ಛದಗಳನ್ನು ಇಂದು ನಾವು ಗಾಜಿನ ಹಿಂದೆ ಇಟ್ಟು ನೋಡುತ್ತೇವೆ. ಹಂಚಿಕೊಂಡು ಆಡಲು ಕೂರುವವರಿಲ್ಲ. ಸಾರಥಿಯ ಜಗಲಿಯ ಮೇಲಿನ ಕಟ್ಟು ಮಾಸಿದೆ, ಅದರ ಒಂದೆರಡು ಎಲೆಗಳ ಮೂಲೆಯೂ ಹರಿದಿದೆ. ಆದರೂ ಅಲ್ಲಿ ಆಟ ನಡೆದೇ ಇದೆ.